ಕಬಡ್ಡಿಯ ಹಾಗೇ ಅಂದಿದ್ದೆ

ಇರ್ಫಾನ್, ಅಂದು ಮೈದಾನದಲ್ಲಿ ಆ ಹುಡುಗನ ಭುಜದ ಎಲುಬು ಮುರಿದದ್ದು ನಿನ್ನ ತಪ್ಪಿನಿಂದಲ್ಲ, ನನ್ನಿಂದ. ಹೀಗಾಗಬಹುದೆಂದು ನನಗೆ ಮೊದಲೇ ಗೊತ್ತಿತ್ತು — ಗೊತ್ತಿದ್ದೂ ನಿನಗೆ ಹೇಳಲಿಲ್ಲ.

ದುಬೈನ ಊದ್ ಮೇಥಾದ ನಮ್ಮ ಶಾಲೆಯಲ್ಲಿ ಆ ವರ್ಷದ ಸ್ಪೋರ್ಟ್ಸ್ ಡೇಗೆ ಒಂದೊಂದು ತಂಡ ಒಂದೊಂದು ದೇಶದ ಆಟ ತೋರಿಸಬೇಕಿತ್ತು. ನಾನು ಹೊಣೆ ಹೊತ್ತಿದ್ದ ತಂಡದ ಪಾಲಿಗೆ ಬಂದದ್ದು ಅಮೆರಿಕ. ಈಗಿನ ಅಮೆರಿಕನ್ ಫುಟ್‌ಬಾಲಿಗೆ ಹೆಲ್ಮೆಟ್ಟು, ಪ್ಯಾಡು ಎಲ್ಲ ಬೇಕು. ಹಾಗಾಗಿ ಅದರ ಆರಂಭದ ದಿನಗಳನ್ನೇ ತೋರಿಸೋಣವೆಂದು ನಾನು ಜಾಣತನ ಮಾಡಿದೆ — ಸಾಕರ್, ರಗ್ಬಿ ಎರಡನ್ನೂ ಕಲಸಿ ಕಾಲೇಜು ಹುಡುಗರು ಬರಿದಲೆಯಲ್ಲಿ ಆಡುತ್ತಿದ್ದ, ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲದ ಕಾಲ. ಚೆಂಡು ಹಿಡಿದವನನ್ನು ನಡುವೆ ಇಟ್ಟುಕೊಂಡು ಉಳಿದವರು ಬಾಣದ ತುದಿಯಂತೆ ಒತ್ತಾಗಿ ನುಗ್ಗುತ್ತಿದ್ದರು. ಕೈಕಾಲು ಮುರಿದು, ಹುಡುಗರು ಸತ್ತು, ಕೊನೆಗೆ ಅಂಥ ವ್ಯೂಹವನ್ನೇ ನಿಷೇಧಿಸಿದರೆಂದೂ ಓದಿದ್ದೆ. ಕಾಮೆಂಟರಿ ಬರೆಯುವಾಗ ಆ ಸಾಲು ಮಾತ್ರ ಬಿಟ್ಟೆ — ಪೋಷಕರು ಹೆದರಿಯಾರು ಎಂದು... ಇಲ್ಲ, ನನ್ನ ಕಾರ್ಯಕ್ರಮ ರದ್ದಾದೀತು ಎಂದು.

ಹೊಸದಾಗಿ ಸೇರಿದ್ದ ಭಟ್ಕಳದ ಪಿ.ಟಿ. ಮೇಷ್ಟ್ರು ನೀನು. ಕೇಳಿಯೂ ಇದ್ದೆ: "ಸರ್, ಇದು ಮಕ್ಕಳಿಗೆ ಸೇಫ್ ಅಲ್ವಾ?"

"ಎಂತ ಹೆದ್ರಿಕೆ ಮಾರಾಯ? ಕಬಡ್ಡಿಯ ಹಾಗೇ. ಕೈ ಕೈ ಹಿಡಿಸು. ಎಂತ ಆದ್ರೂ ಬಿಡಬಾರ್ದು ಅಂತ ಹೇಳು."

ಇಬ್ಬರೂ ಊರಲ್ಲಿ ಕಬಡ್ಡಿ ಆಡಿ ಬೆಳೆದವರು. ನಿನಗೆ ಅಷ್ಟು ಸಾಕಾಯಿತು. ಕಬಡ್ಡಿಯಲ್ಲಿ ಸರಪಳಿ ಕಾದು ನಿಲ್ಲುತ್ತದೆ, ಇಲ್ಲಿ ಅದು ಓಡುತ್ತಿತ್ತು. ಸ್ಪೋರ್ಟ್ಸ್ ಡೇ ದಿನ ಮುಂದಿದ್ದ ಆ ಹುಡುಗ ಎಡವಿದ. ನೆಲಕ್ಕೆ ಕೈ ಊರೋಣವೆಂದರೆ ಎರಡೂ ಬೇರೆಯವರ ಹಿಡಿತದಲ್ಲಿ — ಹಿಂದಿನವರೆಲ್ಲ ಅವನ ಮೇಲೆ ಬಿದ್ದರು.

ಪ್ರಿನ್ಸಿಪಾಲರು ಕೇಳಿದಾಗ ನಾನಂದದ್ದು ಇಷ್ಟೇ: "ಟ್ರೇನಿಂಗ್ ಕೊಟ್ಟದ್ದು ಇರ್ಫಾನ್." ಸುಳ್ಳಲ್ಲ, ಅದಕ್ಕೇ ಅಷ್ಟು ಸಲೀಸಾಗಿ ಬಾಯಿಗೆ ಬಂತು. ನೀನು ತಲೆ ತಗ್ಗಿಸಿ ನಿಂತಿದ್ದೆ. ನಿನ್ನ ಕೆಲಸ ಹೋಯಿತು, ವೀಸಾ ಕ್ಯಾನ್ಸಲ್ ಆಯಿತು, ಬಸುರಿ ಹೆಂಡತಿಯೊಂದಿಗೆ ಊರಿಗೆ ಹೊರಟೆ. ನಾನು ಏರ್‌ಪೋರ್ಟಿಗೂ ಬರಲಿಲ್ಲ.

ಆಮೇಲೆ ನಾನು ಚೆನ್ನಾಗಿಯೇ ಇದ್ದೆ — ಅದನ್ನೂ ಹೇಳಬೇಕು. ಈಗ ನಿವೃತ್ತಿ, ಸಿಲಿಕಾನ್ ಓಯಸಿಸ್‌ನ ಫ್ಲಾಟಿನಲ್ಲಿ ಸಾಮಾನು ಕಟ್ಟುತ್ತಿದ್ದೇನೆ, ಇಲ್ಲಿಯ ಬದುಕು ಸಾಕಾಗಿದೆ. ಹೋದ ವಾರ ನಿನ್ನ ವಾಯ್ಸ್ ಮೆಸೇಜ್ ಬಂತು: "ಸರ್, ಊರಿಗೆ ಬರ್ತೀರಂತೆ, ಮನೆಗೆ ಬನ್ನಿ. ಮಗ ಕಬಡ್ಡಿ ಕಲಿಸು ಅಂತಾನೆ. ನನಗೆ ಧೈರ್ಯ ಇಲ್ಲ ಸರ್. ಆ ಹುಡುಗನಿಗೆ ಅವತ್ತು ಸರಿಯಾಗಿ ಕಲಿಸಿದ್ದಿದ್ರೆ..."

ಮುಂದೆ ಕೇಳಲಾಗಲಿಲ್ಲ. ನೀನು ಸರಿಯಾಗಿಯೇ ಕಲಿಸಿದ್ದೆ, ಇರ್ಫಾನ್ — ನಾನು ಹೇಳಿದ್ದನ್ನೇ. ನಾಳೆ ಅಂದಿನ ಪ್ರಿನ್ಸಿಪಾಲರಿಗೂ ಆ ಹುಡುಗನ ತಂದೆಗೂ ಇದನ್ನೇ ಹೇಳುತ್ತೇನೆ. ನೀನು ಮಗನಿಗೆ ಕಲಿಸು. ನಿನ್ನ ಮನೆಗೆ ಬರುತ್ತೇನೆ. ಇಷ್ಟೆಲ್ಲ ತಿಳಿದ ಮೇಲೆ ನೀನು ಬಾಗಿಲು ತೆರೆಯದಿದ್ದರೂ ಬರುತ್ತೇನೆ.