ಎಡಗೈಗೆ ಬಾರದ ಬ್ಯಾಟನ್ನು

ಹೇವರ್ಡಿನ ಪಾರ್ಕಿನಲ್ಲಿ ನಮ್ಮ ಕನ್ನಡ ಕೂಟದ ಪಿಕ್ನಿಕ್ಕು ಅಂದರೆ ರಿಲೇ ಓಟ ಇರಲೇಬೇಕು, ಅದರಲ್ಲಿ ನಮ್ಮ ತಂಡ ಸೋಲಲೇಬೇಕು. ಈ ಸಲ ಹಟ ಹಿಡಿದು, ಜಪಾನಿನ ಪರವಾಗಿ ರಿಲೇ ಓಡಿ ನಿವೃತ್ತರಾಗಿರುವ ನಮ್ಮ ಪಕ್ಕದ ಮನೆಯವರನ್ನೇ ಕೋಚಿಂಗಿಗೆ ಕರೆದೆ.

"ಬಲಗೈಯಲ್ಲಿ ಕೊಡಿ, ಎಡಗೈಯಲ್ಲಿ ತಗೊಳ್ಳಿ, ತಿರುಗಿ ನೋಡಬೇಡಿ," ಅಂತ ಎಷ್ಟು ಚೆನ್ನಾಗಿ ಕಲಿಸಿದರು!

ನಮ್ಮ ತಂಡದ ಉಡುಪಿಯ ಶೈಲಕ್ಕನದು ಮಾತ್ರ ಒಂದೇ ತಕರಾರು: "ಎಡಗೈಯಲ್ಲಿ ತಕ್ಕೊಳ್ಳುದಾ? ಛೆ!"

ಓಟದ ದಿನ ಎಲ್ಲರಿಗಿಂತ ಮುಂದೆ ನಾನೇ ಇದ್ದೆ. ಬ್ಯಾಟನ್ ಚಾಚಿದರೆ ಶೈಲಕ್ಕ ಗಕ್ಕನೆ ನಿಂತು, ನನ್ನ ಕಡೆ ತಿರುಗಿ, ಬಲಗೈ ಒಡ್ಡಿ, ತಾಂಬೂಲ ತಗೊಂಡ ಹಾಗೆ ತಗೊಂಡರು. ಅಷ್ಟರಲ್ಲಿ ಉಳಿದ ತಂಡಗಳೆಲ್ಲ ನಮ್ಮನ್ನು ದಾಟಿ ಹೋಗಿದ್ದವು.

ಕೋಚಿಗೆ ಮುಖ ತೋರಿಸೋದು ಹೇಗೆ ಅಂತ ಅಳುಕುತ್ತಾ ಶೈಲಕ್ಕನ ಜೊತೆ ಹೋದರೆ, ಕೋಚ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ನಾನು ಮೊದಲ ಸಲ ರಿಲೇ ಓಡಿದಾಗ ಸೀನಿಯರಿಗೆ ಎರಡೂ ಕೈಯಲ್ಲಿ ಬ್ಯಾಟನ್ ಕೊಟ್ಟು, ತಲೆ ಬಾಗಿಸಿ ವಂದಿಸಿದ್ದೆ! ಮುಂದಿನ ವರ್ಷ ಇವರನ್ನೇ ಮೊದಲು ಓಡಿಸಿ. ಯಾರಿಂದಲೂ ತಗೊಳ್ಳೋ ಪ್ರಮೇಯವೇ ಇರಲ್ಲ."

ಶೈಲಕ್ಕನೂ ಒಪ್ಪಿದರು. "ಆಯ್ತು, ಓಡುವ. ಆದ್ರೆ ನಾನು ಕೊಡುದು ಬಲಗೈಗೆ ಮಾತ್ರ, ಈಗ್ಲೇ ಹೇಳಿದ್ದೇನೆ."