ನಮ್ಮ ಗೋಡೆಗಳ ಮೇಲೆ ನೀರಿನ ಗೆರೆ ಎಳೆದವರು

ಈ ನಗರದಲ್ಲಿ ರಸ್ತೆ ಅಳೆದವರಿದ್ದಾರೆ, ನಿವೇಶನ ಅಳೆದವರಿದ್ದಾರೆ, ಕಾಂಪೌಂಡಿನ ಒಂದು ಗೇಣಿಗಾಗಿ ಜಗಳಕ್ಕೆ ನಿಂತ ಅಣ್ಣತಮ್ಮಂದಿರ ನಡುವೆ ಟೇಪು ಹಿಡಿದು ಬೈಗುಳ ತಿಂದವರೂ ಇದ್ದಾರೆ. ಆದರೆ ಬಂದು ಹೋದ ನೀರನ್ನು, ಅದು ಹೋದ ಮೇಲೆ, ಅದು ನಿಂತಿದ್ದ ಜಾಗದಲ್ಲೇ ಮತ್ತೆ ನಿಲ್ಲಿಸಿ ಅಳೆದವರು ಒಬ್ಬರೇ. ನಗರಸಭೆಯ ಚರಂಡಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಸರ್ವೇಯರ್ ಆಗಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಅವರು ಕಾಲುವೆಯ ಕೆಳಗಿನ ಬೀದಿಗಳ ನಮಗೆಲ್ಲ ಗೆರೆ ಮೇಡಂ.

ಇಂಥವರ ಅಭಿನಂದನ ಗ್ರಂಥಕ್ಕೆ ಲೇಖನ ಬೇಕೆಂದು ಸಮಿತಿಯವರು ನನ್ನಂಥ ಬಣ್ಣ ಬಳಿಯುವವನ ಬಾಗಿಲಿಗೆ ಬಂದದ್ದು ನನ್ನ ಪುಣ್ಯ, ಓದುವವರ ಕರ್ಮ. ನಾನು ಶಾಲೆಯೊಳಗೆ ಕೂತದ್ದಕ್ಕಿಂತ ಶಾಲೆಯ ಗೋಡೆಗೆ ಸುಣ್ಣ ಹೊಡೆದ ದಿನಗಳೇ ಹೆಚ್ಚು. ಬರೆದದ್ದನ್ನು ಮಗಳು ತಿದ್ದಿ ಕೊಟ್ಟಿದ್ದಾಳೆ. "ಅಪ್ಪಾ, ಇದು ಸುಳ್ಳು" ಎಂದು ಅವಳು ಗೀಟು ಹಾಕಿದ್ದನ್ನೆಲ್ಲ ನಾನು ಮತ್ತೆ ಬರೆದಿದ್ದೇನೆ.

ಮೇಡಂ ಕೆಲಸಕ್ಕೆ ಸೇರಿದ ವರ್ಷವೇ ಕಾಲುವೆ ಉಕ್ಕಿತು. ಮೂರು ದಿನ ಸುರಿದ ಮಳೆ ನಿಂತು, ಬಿಸಿಲು ಬಂದು, ಇನ್ನೇನು ಬಟ್ಟೆ ಒಣಹಾಕಬೇಕು ಅನ್ನುವ ಮಧ್ಯಾಹ್ನ ನೀರು ನಮ್ಮ ಬೀದಿಗೆ ಬಂತು. ಗದ್ದಲವಿಲ್ಲ, ಅವಸರವಿಲ್ಲ. ಕರೆಯದೆ ಬಂದ ನೆಂಟನ ಹಾಗೆ ಮೊದಲು ಹೊಸ್ತಿಲಲ್ಲಿ ನಿಂತಿತು, ಆಮೇಲೆ ಒಳಗೆ ಬಂತು, ಆಮೇಲೆ ಕುರ್ಚಿ ಏರಿ ಕೂತಿತು. ನಾವೆಲ್ಲ ತಾರಸಿಯ ಮೇಲಿದ್ದೆವು. ಬೀದಿಯ ತುಂಬ ಆಕಾಶ. ಮೋಡಗಳು ಒಂದೊಂದೇ ಮನೆಯ ಬಾಗಿಲಿಗೆ ಬಂದು, ಯಾರೂ ಇಲ್ಲವೆಂದು ತಿಳಿದು ಮುಂದೆ ಹೋಗುತ್ತಿದ್ದವು. ನನ್ನ ಅಕ್ಕನ ಮನೆ ಬೀದಿಯ ತೀರ ತಗ್ಗಿನ ತುದಿಯಲ್ಲಿತ್ತು. ಅವಳ ಮರದ ಮಂಚ, ಮೇಲೊಂದು ಬೆಕ್ಕನ್ನು ಕೂರಿಸಿಕೊಂಡು ಬಾಗಿಲು ದಾಟಿ ಹೊರಟು, ಮೂರು ಮನೆಗಳ ಯೋಗಕ್ಷೇಮ ವಿಚಾರಿಸಿ, ಸಂಜೆಯ ಹೊತ್ತಿಗೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಮನೆಗೆ ವಾಪಸಾಯಿತು. ಭಾವನ ಗೋಡೆ ಗಡಿಯಾರದೊಳಗೆ ಸೇರಿಕೊಂಡ ಒಂದು ಮೀನು ನೀರು ಇಳಿದ ಮೇಲೂ ಎರಡು ತಿಂಗಳು ಅಲ್ಲೇ ಸಂಸಾರ ಮಾಡಿಕೊಂಡಿದ್ದು, ದಿನವೂ ಐದು ಗಂಟೆಗೆ ಗಾಜಿನ ಹತ್ತಿರ ಬಂದು ನಮ್ಮನ್ನು ನೋಡಿ ಹೋಗುತ್ತಿತ್ತು. ನಂಬದವರು ಬಂದು ನೋಡಬಹುದು. ಗಡಿಯಾರ ಈಗಿಲ್ಲ, ಅದನ್ನು ನೇತುಹಾಕಿದ್ದ ಮೊಳೆ ಇದೆ.

ಮೂರು ದಿನಕ್ಕೆ ನೀರು ಇಳಿಯಿತು. ನಾಲ್ಕನೆಯ ದಿನ ಮೇಡಂ ಬಂದರು. ಹೆಗಲಿಗೆ ಸುತ್ತಿದ ಪ್ಲಾಸ್ಟಿಕ್ ಪೈಪು, ಕೈಯಲ್ಲೊಂದು ಡೈರಿ, ಕಾಲಲ್ಲಿ ಬೇರೆ ಬೇರೆ ಜೋಡಿಯ ಎರಡು ಚಪ್ಪಲಿ. ಒಂದೊಂದು ಜೋಡಿಯಿಂದ ಒಂದೊಂದನ್ನು ನಮ್ಮ ಬೀದಿಯ ಕೆಸರು ಇಟ್ಟುಕೊಂಡಿತ್ತು. "ನೀರು ಎಲ್ಲೀವರೆಗೆ ಬಂದಿತ್ತು?" ಎಂದು ಕೇಳಿದರು. ಗಂಡಸರೆಲ್ಲ ಕೈ ಎತ್ತಿದೆವು. ಒಬ್ಬ ಸೊಂಟ ತೋರಿಸಿದ, ಒಬ್ಬ ಕುತ್ತಿಗೆ ತೋರಿಸಿದ, ನಾನು ತುದಿಗಾಲಲ್ಲಿ ನಿಂತು ತಲೆಯ ಮೇಲೆ ಕೈ ತೋರಿಸಿದೆ. ಅವರು ಒಂದನ್ನೂ ಬರೆದುಕೊಳ್ಳಲಿಲ್ಲ. ನೆಟ್ಟಗೆ ಅಕ್ಕನ ಅಡಿಗೆಮನೆಗೆ ಹೋಗಿ, "ಯಾವ ಡಬ್ಬಿ ಒದ್ದೆ ಆಯ್ತಮ್ಮಾ, ಯಾವುದು ಉಳೀತು?" ಎಂದರು. ಅಕ್ಕ ಮೂರನೆಯ ಹಲಗೆ ತೋರಿಸಿದಳು. ಆಮೇಲೆ ನನಗೂ ಭಾವನಿಗೂ ಹೇಳಿ ಕಬ್ಬಿಣದ ಅಲಮಾರಿಯನ್ನು ಗೋಡೆಯಿಂದ ಸರಿಸಿದರು. ಹಿಂದೆ, ಸ್ಕೇಲಿಟ್ಟು ಎಳೆದಂತೆ, ಕೆಸರಿನ ಅಂಚು.

"ಅಲ್ಮಾರಿ ಹಿಂದುಗಡೆ ಯಾರೂ ತೊಳೆಯಲ್ಲ. ಅದಕ್ಕೇ ಅಲ್ಲಿ ಯಾರೂ ಸುಳ್ಳು ಹೇಳೋಕಾಗಲ್ಲ" ಎಂದು ನನ್ನ ಕಡೆ ನೋಡಿ ನಕ್ಕರು.

ಇದೇ ಅವರ ಕೆಲಸದ ಕ್ರಮ. ಮನೆಮನೆಯ ಅಲಮಾರಿ ಸರಿಸಿ ಸಿಕ್ಕ ಕಲೆಯನ್ನು ಲೆವೆಲ್ ಪೈಪಿನಿಂದ ಹೊರಗೋಡೆಗೆ ತರುತ್ತಿದ್ದರು. ಆ ಪೈಪಿನ ಗುಟ್ಟು ಸುಲಭ: ಒಳಗೆ ತುಂಬಿದ ನೀರು ಎರಡು ತುದಿಯಲ್ಲೂ ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಅವರು ಗುರುತು ಹಾಕಿದಲ್ಲಿ ನಾನು ಬೆರಳಗಲದ ನೀಲಿ ಗೆರೆ ಎಳೆಯುತ್ತಿದ್ದೆ, ಮನೆಯ ಗೋಡೆಗೂ ಎದುರಿನ ವಿದ್ಯುತ್ ಕಂಬಕ್ಕೂ.

ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ, ಬೆಳಗಿನ ಆರು ಗಂಟೆಗೆ, ಗೆರೆಗಳನ್ನು ತಾಳೆ ನೋಡಲು ಹೊರಡುತ್ತಿದ್ದೆವು. ಅವರು ಮುಂದೆ, ನಾನು ಹಿಂದೆ, ನಡುವೆ ಪೈಪು. ಬೀದಿಯ ಮೇಲಿನ ತುದಿಯಲ್ಲಿ ಗೆರೆ ಹೊಸ್ತಿಲ ಮಟ್ಟದಲ್ಲಿರುತ್ತಿತ್ತು. ಇಳಿದಂತೆಲ್ಲ ಅದು ಮೊಣಕಾಲಿಗೆ, ಸೊಂಟಕ್ಕೆ, ಅಕ್ಕನ ಮನೆಯ ಹತ್ತಿರ ಎದೆಗೆ ಬರುತ್ತಿತ್ತು. ಗೆರೆ ಇದ್ದಲ್ಲೇ ಇತ್ತು, ಮುಳುಗುತ್ತಿದ್ದವರು ನಾವು. ಎರಡು ಬದಿಯ ನೀಲಿ ಗೆರೆಗಳು ಗಾಳಿಯಲ್ಲೇ ಒಂದನ್ನೊಂದು ಮುಟ್ಟಿ, ಬೀದಿಯ ಅಗಲಕ್ಕೂ ತೆಳ್ಳಗೆ ನೀರು ಹಾಸಿದಂತಾಗುತ್ತಿತ್ತು. ಗೇಟುಗಳು ಆ ನೀರಿನಡಿ ನಿದ್ದೆ ಮಾಡುತ್ತಿದ್ದವು. ತಂತಿಯ ಮೇಲಿನ ಬಟ್ಟೆಗಳು ಪಾಚಿಯಂತೆ ಓಲಾಡುತ್ತಿದ್ದವು. ಪೇಪರ್ ಹಾಕುವವನ ಸೈಕಲ್ ಗಂಟೆ ದೂರದಿಂದ ಗುಳ್ಳೆ ಗುಳ್ಳೆಯಾಗಿ ಬರುತ್ತಿತ್ತು. ಒಮ್ಮೆ ಮೇಡಂ ನಡುಬೀದಿಯಲ್ಲಿ ನಿಂತು ಕೇಳಿದರು.

"ಬಣ್ಣದವ್ರೇ, ನಿಮ್ಗೂ ಕಾಲು ತಣ್ಣಗಾಗ್ತಿದೆಯಾ?"

"ಆಗ್ತಿದೆ ಮೇಡಂ."

"ಹಾಗಾದ್ರೆ ಅಳತೆ ಸರಿಯಿದೆ."

ವರ್ಷಗಳು ಉರುಳಿದವು. ನಗರ ನಾಲ್ಕೂ ಕಡೆ ಉಬ್ಬಿತು, ನಮ್ಮ ತಗ್ಗಿನ ಬೀದಿಗೂ ಬೆಲೆ ಬಂತು, ಬೆಲೆಯ ಹಿಂದೆಯೇ ಬ್ರೋಕರ್ ಬಂದ. ಯಾವ ವ್ಯವಹಾರ ಕೇಳಿದರೂ "ಆಗೋಯ್ತು ಅಂದ್ಕೊಳ್ಳಿ" ಎನ್ನುತ್ತಿದ್ದುದರಿಂದ ಅವನನ್ನು ನಾವು ಆಗೋಯ್ತು ಎಂದೇ ಕರೆಯುತ್ತಿದ್ದೆವು. ಗೆರೆಯಿರುವ ಮನೆಗೆ ಗಿರಾಕಿ ಬರುವುದಿಲ್ಲ, ಬಂದರೂ ಅರ್ಧಕ್ಕೆ ಕೇಳುತ್ತಾರೆ ಎಂದು ಅವನು ಹೇಳಿದ ಮೇಲೆ ಒಬ್ಬೊಬ್ಬರೇ ನನ್ನನ್ನು ಕರೆಸಿದರು. ನಗರಸಭೆ ಹೇಳಿದಾಗ ಎಳೆದೆ, ಮನೆಯವರು ಹೇಳಿದಾಗ ಅಳಿಸಿದೆ. ಕೈಯೂ ನನ್ನದೇ, ಬ್ರಷ್ಷೂ ಅದೇ. ಮೇಡಂ ಮರುವರ್ಷ ಬಂದು, ಅಳಿಸಿದ್ದು ಯಾರೆಂದು ಕೇಳದೆ, ಮತ್ತೆ ಗುರುತು ಹಾಕುತ್ತಿದ್ದರು.

ಒಮ್ಮೆ ಮನೆ ಮಾಲೀಕರೆಲ್ಲ ಸಂಘದ ಕೋಣೆಯಲ್ಲಿ ಸಭೆ ಸೇರಿ ಅವರನ್ನು ಕರೆಸಿ ಕೂರಿಸಿದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರು ಎದ್ದು, "ನೀರು ಯಾವತ್ತೋ ಒಂದ್ಸಲ ಬಂದು ಹೋಯ್ತು. ಅದನ್ನೇ ಹಿಡ್ಕೊಂಡು ನಮ್ಮ ಜೀವಮಾನದ ದುಡಿಮೆ ಮೇಲೆ ಗೀಚ್ತೀರಲ್ಲ ಮೇಡಂ" ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅವರಿಗೆ ಆ ಮನೆ ಬಿಟ್ಟರೆ ಬೇರೆ ಆಸ್ತಿ ಇರಲಿಲ್ಲ. ಮೇಡಂ "ನಿಮ್ಮ ಕಷ್ಟ ನಂಗೆ ಗೊತ್ತು ಸರ್. ಆದ್ರೆ ನೀರು ತಾನು ಬಂದ ದಾರಿ ಮರ್ತಿರಲ್ಲ" ಎಂದಷ್ಟೇ ಹೇಳಿದರು.

ಇನ್ನು ಹೇಳಬೇಕಾದದ್ದು ಹನ್ನೆರಡು ವರ್ಷದ ಹಿಂದಿನ ಮಾತು. ಭಾವನ ಮಂಡಿ ಸವೆದಿತ್ತು. ತಮ್ಮ ಮಗಳ ಮನೆಯ ಪಕ್ಕ, ಎತ್ತರದ ಬಡಾವಣೆಯಲ್ಲಿ, ನೆಲಮಹಡಿಯ ಒಂದು ಫ್ಲಾಟ್ ನೋಡಿಟ್ಟಿದ್ದರು. ಹಳೆಯ ಮನೆಗೆ ಒಳ್ಳೆಯ ಬೆಲೆ ಬಂದರಷ್ಟೇ ಅದು ಕೈಗೆಟುಕುವಂತಿತ್ತು. ಅಕ್ಕ ನನ್ನನ್ನು ಕರೆಸಿದಳು.

"ಲೋ, ಬೀದಿಗೆಲ್ಲ ಅಳಿಸ್ಕೊಟ್ಟೆ. ಒಡಹುಟ್ಟಿದವಳಿಗೆ ಒಂದು ಕೋಟ್ ಹೊಡಿಯೋಕೆ ಕೈ ನೋಯುತ್ತಾ?"

"ಮೇಡಂ ನೋಡಿದ್ರೆ ಅಕ್ಕಾ?"

"ಬೆಲೆ ಕಮ್ಮಿ ಬಂದ್ರೆ ಎರಡನೇ ಮಹಡಿನೇ ಗತಿ. ನಿನ್ನ ಮೇಡಂ ಬಂದು ಭಾವನ್ನ ಹೊತ್ಕೊಂಡು ಹತ್ತುತ್ತಾರಾ?"

ಒಂದಲ್ಲ, ಎರಡು ಕೋಟ್ ಹೊಡೆದೆ. ಆ ವರ್ಷದ ತಾಳೆಗೆ ಬರಲು ಜ್ವರವೆಂದು ಮೇಡಂಗೆ ಹೇಳಿ ಕಳಿಸಿದೆ.

ಕೊಳ್ಳಲು ಬಂದವನು ಒಬ್ಬ ಟೈಲರ್. ಅವನ ಅಂಗಡಿ ನಮ್ಮ ಬೀದಿಯ ತಲೆಯಲ್ಲೇ. ಜೊತೆಗೆ ಏಳು ತಿಂಗಳ ಬಸುರಿ ಹೆಂಡತಿ. ಅವಳು ಮುಂದಿನ ಕೋಣೆಯ ನಡುವೆ ನಿಂತು, ಕಿಟಕಿಯ ಬೆಳಕು ಬೀಳುವ ಜಾಗ ನೋಡಿ, "ತೊಟ್ಟಿಲು ಇಲ್ಲೇ" ಎಂದಳು. ಆಗೋಯ್ತು ನನ್ನ ಕಡೆ ಕಣ್ಣು ಹೊಡೆದ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಮೇಡಂ. ಪೈಪು ಸೀಳಿ, ಹೊಸದು ಕೊಂಡು ತರುವಷ್ಟರಲ್ಲಿ ಆ ದಿನ ಹತ್ತು ಗಂಟೆಯಾಗಿತ್ತಂತೆ. ಟೈಲರ್ ದಂಪತಿಯ ಹಿಂದೆ ನಾನೂ ಹೊರಗೆ ಬಂದೆ. ಮೇಡಂ ಗೋಡೆ ನೋಡಿದರು. ನನ್ನನ್ನು ನೋಡಿದರು.

"ಜ್ವರ ಹೇಗಿದೆ ಬಣ್ಣದವ್ರೇ?"

"ಇಲ್ಲೇನೂ ಕೆಲ್ಸ ಇಲ್ಲ ಮೇಡಂ, ಎಲ್ಲಾ ಆಗೋಯ್ತು" ಎಂದು ಬ್ರೋಕರ್ ಅಡ್ಡ ಬಂದ.

ಮೇಡಂ ಅವನನ್ನು ದಾಟಿ, ಪೈಪಿನ ಒಂದು ತುದಿಯನ್ನು ಟೈಲರ್ ಕೈಗೆ ಕೊಟ್ಟು, "ಸ್ವಲ್ಪ ಈ ಗೋಡೆಗೆ ಹಿಡ್ಕೊಂಡಿರ್ತೀರಾ? ನನ್ನ ಜೊತೆಯವ್ರಿಗೆ ಜ್ವರ" ಎಂದರು. ತಾವು ಇನ್ನೊಂದು ತುದಿ ಹಿಡಿದು ರಸ್ತೆ ದಾಟಿ, ಕಂಬದ ಮೇಲಿದ್ದ ನೀಲಿ ಗೆರೆಗೆ ಸೇರಿಸಿದರು. ಟೈಲರ್ ಕೈಯಲ್ಲಿ ನೀರು ಏರಿತು, ಇಳಿಯಿತು, ತೂಗಿತು, ಅವನ ಎದೆಯ ಹತ್ತಿರ ನಿಂತಿತು.

"ನೋಡ್ರೀ, ಎದೆ ಅಳತೆ ತೆಗೆಯೋ ಜಾಗಕ್ಕೇ ಸರಿಯಾಗಿ ಬಂತು" ಎಂದು ಅವನು ನಕ್ಕ.

ಹೆಂಡತಿ ನಗಲಿಲ್ಲ. ಅವಳು ಒಳಗೆ ತೊಟ್ಟಿಲಿನ ಜಾಗ ನೋಡಿದಳು. ಒಂದು ಕೈಯನ್ನು ತೊಟ್ಟಿಲಿನ ಎತ್ತರಕ್ಕೆ ಹಿಡಿದಳು. ಆಮೇಲೆ ಪೈಪು ನೋಡಿದಳು.

"ಇದು ಯಾತರ ಅಳತೆ?"

"ಬಣ್ಣದವ್ರು ಹೇಳ್ತಾರೆ. ಆವತ್ತು ಅವ್ರು ಇಲ್ಲೇ ಇದ್ರು" ಎಂದರು ಮೇಡಂ.

ಅಕ್ಕನ ಕಣ್ಣು ನನ್ನ ಮೇಲಿತ್ತು. ಗಡಿಯಾರದಲ್ಲಿ ಮೀನು ಸಾಕಿದ ನಾಲಿಗೆ ಇದು. ಒಂದು ಕಾಲುವೆಯನ್ನು ಬಕೆಟ್ಟಿಗೆ ಇಳಿಸುವುದು ಅದಕ್ಕೆ ದೊಡ್ಡ ಮಾತಾಗಿರಲಿಲ್ಲ. ಆದರೆ ಪೈಪಿನೊಳಗಿನ ನೀರು ಅಲುಗದೆ ನಿಂತಿತ್ತು. ಬೆಳಕು ಅದರ ಮೂಲಕ ಬಂದು ಆ ಬಸುರಿಯ ಕೈಮೇಲೆ ಸಣ್ಣಗೆ ನಡುಗುತ್ತಿತ್ತು.

"ನೀರು ಇಲ್ಲೀವರೆಗೆ ಬಂದಿತ್ತಮ್ಮಾ. ಮೂರು ದಿನ ಇತ್ತು. ಇಲ್ಲೊಂದು ಗೆರೆ ಇತ್ತು, ಮೊನ್ನೆ ನಾನೇ ಅಳಿಸ್ದೆ."

ನನ್ನ ಜೀವಮಾನದಲ್ಲಿ ನಾನು ಹೇಳಿದ ಅತಿ ಚಿಕ್ಕ ಕಥೆ ಅದು. ಅಕ್ಕ ಬಾಗಿಲಿಗೆ ಬಂದು, "ನಿಮಗೆ ನಾವೇನು ಮಾಡಿದ್ವು ತಾಯಿ?" ಎಂದು ಮೇಡಂ ಅವರನ್ನು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ನಾನು ಗೆರೆ ಅಳಿಸಿದ್ದನ್ನು ಮೇಡಂ ಕಚೇರಿಗೆ ಹೇಳಲಿಲ್ಲ. ಹೇಳಿದ್ದರೆ ನನಗೆ ಆ ಕೆಲಸ ಉಳಿಯುತ್ತಿರಲಿಲ್ಲ. ಅಂಗಡಿ ಹತ್ತಿರವೆಂದು ಟೈಲರ್ ದಂಪತಿಗೆ ಇನ್ನೂ ಆ ಮನೆಯ ಮೇಲೆ ಮನಸ್ಸಿತ್ತು. ಅದನ್ನು ತಿಳಿದ ಮೇಡಂ ಮೂರು ಭಾನುವಾರ ತಮ್ಮ ರಜೆಯಲ್ಲಿ ಬಂದು, ರಸ್ತೆಯಲ್ಲೇ ನಿಂತು, ಟೈಲರನ ಬಟ್ಟೆ ಕತ್ತರಿಸುವ ಕಾಗದದ ಮೇಲೆ ನಕ್ಷೆ ಬರೆದರು: ಸ್ವಿಚ್ಚು, ಮೀಟರು ಎಲ್ಲ ಗೆರೆಗಿಂತ ಮೇಲೆ, ಮಲಗಲು ತಾರಸಿಯಲ್ಲೊಂದು ಕೋಣೆ, ಹತ್ತಲು ಹೊರಗಿನಿಂದ ಮೆಟ್ಟಿಲು, ಕೆಳಗೆ ನೀರು ಹಾಕಿ ತೊಳೆಯಬಹುದಾದ್ದು ಮಾತ್ರ. ಎಂಟು ತಿಂಗಳು ಬೇರೆ ಗಿರಾಕಿ ಬರಲಿಲ್ಲ. ಕೊನೆಗೆ ಆ ಕೋಣೆಯ ಖರ್ಚನ್ನು ಬೆಲೆಯಲ್ಲಿ ಕಳೆದು ಅಕ್ಕ ಮನೆಯನ್ನು ಅವರಿಗೇ ಕೊಟ್ಟಳು. ಉಳಿದದ್ದರಲ್ಲಿ ಬಂದದ್ದು ಎರಡನೆಯ ಮಹಡಿ, ಮೂವತ್ತೆಂಟು ಮೆಟ್ಟಿಲು. "ನಿಮ್ಮ ಮೇಡಂ ಗೆರೆ ಎಳೆದದ್ದು ಗೋಡೆಗಲ್ಲಪ್ಪ, ನನ್ನ ಮಂಡಿಗೆ" ಎಂದು ಭಾವ ಈಗಲೂ ಹೇಳುವುದುಂಟು. ಅಕ್ಕ ನನ್ನ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದಳು. ಹೊಸ ಮನೆಗೆ ಬಣ್ಣ ಹೊಡೆಸಬೇಕಾಗಿ ಬಂದದ್ದರಿಂದ ರಾಜಿಯಾಯಿತು. ಮೇಡಂ ಜೊತೆ ಮಾತಾಡಲಿಲ್ಲ. ಆ ಮೂವತ್ತೆಂಟು ಮೆಟ್ಟಿಲಿಗೆ ಎರಡು ಕಡೆಯೂ ಹಿಡಿಕೆ ಬಂದದ್ದು ಆ ಕಟ್ಟಡದವರ ಔದಾರ್ಯದಿಂದಲ್ಲ, ಅವರ ಬಾಗಿಲಿಗೆ ಮೇಡಂ ಆರು ಸಲ ಅಲೆದದ್ದರಿಂದ ಎಂಬುದನ್ನು ಅಕ್ಕ ಈ ಪುಸ್ತಕದಲ್ಲೇ ಮೊದಲ ಸಲ ಓದಲಿದ್ದಾಳೆ.

ಟೈಲರ್ ಮೊದಲು ಮನೆ ನೋಡಲು ಬಂದ ನಾಲ್ಕು ವರ್ಷದ ಮೇಲೆ ಒಂದು ಬೆಳಗ್ಗೆ ಕಾಲುವೆ ಮತ್ತೆ ಉಕ್ಕಿತು. ಈ ಭಾಗಕ್ಕೆ ನಾನು ಉಪ್ಪುಖಾರ ಹಚ್ಚುವುದಿಲ್ಲ. ಟೈಲರ್ ಮನೆಯಲ್ಲಿ ನೀರು ಗೆರೆಗಿಂತ ಒಂದು ಗೇಣು ಕೆಳಗೆ ನಿಂತಿತು. ಮುಂದಿನ ಕೋಣೆ ಎದೆಯ ಹತ್ತಿರದವರೆಗೆ ತುಂಬಿತ್ತು. ಹೊಲಿಗೆ ಯಂತ್ರ, ಗಂಡ, ಹೆಂಡತಿ, ಮೂರು ದಾಟಿದ ಮಗಳು, ಎಲ್ಲರೂ ಮೇಲಿನ ಕೋಣೆಯಲ್ಲಿದ್ದರು. ಮಗು ಕಿಟಕಿಯಿಂದ ಇಡೀ ದಿನ ನೀರಿನ ಜೊತೆ ಮಾತಾಡುತ್ತಿತ್ತು.

ನೀರು ಇಳಿದ ಬೆಳಗ್ಗೆ ಅಕ್ಕ ಪೊರಕೆ ಹಿಡಿದು, ಮೂವತ್ತೆಂಟು ಮೆಟ್ಟಿಲು ಇಳಿದು, ಯಾರೂ ಕರೆಯದೆ ತನ್ನ ಹಳೆಯ ಮನೆಗೆ ಬಂದಳು. ಟೈಲರ್ ಹೆಂಡತಿಯ ಜೊತೆ ಸೇರಿ ಮುಂದಿನ ಕೋಣೆಯ ಕೆಸರು ತಳ್ಳಿದಳು. ಕಿಟಕಿಯ ಬೆಳಕು ಬೀಳುವ ಜಾಗಕ್ಕೆ ಬಂದಾಗ ಪೊರಕೆ ನಿಂತಿತು. ಆಗಲೇ ಮೇಡಂ ಪೈಪು ಹೊತ್ತು ಗೇಟಿಗೆ ಬಂದರು. ನಾನು ಅಡಗಲು ಒಂದು ಮೂಲೆ ಹುಡುಕುತ್ತಿದ್ದೆ.

"ಒಬ್ರೇ ಬಂದ್ರಾ?" ಎಂದಳು ಅಕ್ಕ.

"ಬಣ್ಣದವ್ರು ಇದಾರಲ್ಲಮ್ಮಾ."

"ಅವನ ಕೈ ನಡುಗುತ್ತೆ. ಕೊಡಿ ಇಲ್ಲಿ."

ಕೈ ಒರೆಸಿಕೊಂಡು ಅಕ್ಕ ಪೈಪಿನ ತುದಿ ತೆಗೆದುಕೊಂಡಳು. ಮೇಡಂ ರಸ್ತೆ ದಾಟಿ ಕಂಬದ ಹತ್ತಿರ ನಿಂತರು. ಹೊಸ ಬಿಸಿಲು. ಕೆಸರು ಬೀದಿಯ ಮೇಲೆ ಆ ಪೈಪು ಒಂದು ಬದಿಯಿಂದ ಇನ್ನೊಂದು ಬದಿಗೆ ಮಲಗಿತ್ತು, ಅದರೊಳಗೆ ನೀರು ಅತ್ತಿತ್ತ ತೂಗುತ್ತ ಇಬ್ಬರ ನಡುವೆ ಓಡಾಡುತ್ತಿತ್ತು. ಇಬ್ಬರೂ ನೀರು ಸುಮ್ಮನಾಗುವವರೆಗೆ ಕಾದರು.

"ನಿಂತಿತು ಮೇಡಂ" ಎಂದಳು ಅಕ್ಕ.

"ಗುರುತು ಹಾಕ್ಕೊಳ್ಳಿ."

ಅಕ್ಕ ಹಾಕಿದಳು. ಅದರ ಮೇಲೆ ನಾನು ಗೆರೆ ಎಳೆದೆ. ಇವತ್ತಿಗೂ ಆ ಗೋಡೆಯಲ್ಲಿ ಎರಡು ಗೆರೆಗಳಿವೆ, ಯಾರೂ ಅಳಿಸು ಎಂದು ಕರೆಸಿಲ್ಲ.

ಕಾಲುವೆಯಾಚೆಯ ತಗ್ಗಿನಲ್ಲಿ ಈಗ ಹೊಸ ಬಡಾವಣೆ ಏಳುತ್ತಿದೆ. ಗೋಡೆ ಏಳುವ ಮೊದಲೇ ಮನೆಗಳು ಮಾರಾಟವಾಗುತ್ತಿವೆ. ಅಲ್ಲಿ ನಡೆದಾಡಲು ಗೆರೆ ಮೇಡಂಗೆ ಇನ್ನು ಯಾರ ಆದೇಶವೂ ಬೇಕಿಲ್ಲ, ಯಾರ ರಜೆಯೂ ಬೇಕಿಲ್ಲ. ಮುಂದಿನ ವಾರ ಆರು ಗಂಟೆಗೆ ಹೊರಡುವುದೆಂದು ನಮಗೆ ಹೇಳಿದ್ದಾರೆ. ಅಕ್ಕ ಐದೂವರೆಗೇ ಬರುತ್ತಾಳಂತೆ. ಮೇಡಂ ಕಾಲು ಗಟ್ಟಿಯಾಗಿರಲಿ, ಕಣ್ಣು ತಿಳಿಯಾಗಿರಲಿ. ನೂರು ಮಳೆಗಾಲ ನೋಡಲಿ, ಅದರಲ್ಲಿ ಒಂದರ ನೀರೂ ಯಾವ ಮನೆಯ ತೊಟ್ಟಿಲಿನ ಎತ್ತರಕ್ಕೂ ಬಾರದಿರಲಿ. ಬಂದರೆ, ಎಲ್ಲೀವರೆಗೆ ಬಂತೆಂದು ಕೇಳಲು ಅವರೇ ಬರಲಿ.