ಭಾನುವಾರ ಕೊಟ್ಟು ಉಳಿಸಿಕೊಂಡ ಮಗ್ಗ

ದೊಡ್ಡಬಳ್ಳಾಪುರಕ್ಕೆ ಬಂದ ಮೊದಲ ದಿನವೇ ನನ್ನನ್ನು ಗುಂಡಿಗೆ ಇಳಿಸಿದರು. ತಮಾಷೆಗೆ ಹೇಳುತ್ತಿಲ್ಲ. ಇಲ್ಲಿ ಮನೆಯ ಪಡಸಾಲೆಯಲ್ಲೇ ನೆಲ ಅಗೆದು, ಅದರ ಮೇಲೆ ಮಗ್ಗ ಹೂಡುತ್ತಾರೆ. ನೇಯುವವನು ನೆಲದ ಅಂಚಿನಲ್ಲಿ ಕೂತು, ಕಾಲೆರಡನ್ನೂ ಗುಂಡಿಯೊಳಗೆ ಇಳಿಬಿಟ್ಟು ತುಳಿಯಬೇಕು. ಮಂಗಳೂರಿನ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಎತ್ತರದ ಹಲಗೆಯ ಮೇಲೆ ಕೂತು ನೇಯ್ದವನು ನಾನು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಸಲೋಮಿ, "ಇದೆಂತದು ಮಾರಾಯ್ರೆ, ಜೀವ ಇರುವಾಗಲೇ ಅರ್ಧ ಹೂಳಿದ ಹಾಗೆ ಉಂಟಲ್ಲ!" ಎಂದು ನಕ್ಕಳು. ಆಗಿನ್ನೂ ಅವಳು ನಗುತ್ತಿದ್ದಳು.

ಮಂಗಳೂರಿನ ನಮ್ಮ ಕ್ರೈಸ್ತ ಸಭೆಯವರಾದ ನೀವು ಪ್ರತಿ ಕಾಗದದಲ್ಲೂ ಒಂದು ಪ್ರಶ್ನೆ ಕೇಳುತ್ತೀರಿ: ಭಾನುವಾರ ಆರಾಧನೆಗೆ ಎಲ್ಲಿಗೆ ಹೋಗುತ್ತೀರಿ? ನಾನು ಇಲ್ಲಿಯ ಚಳಿಯ ಬಗ್ಗೆ ಬರೆದೆ, ರಾಗಿಯ ಬಗ್ಗೆ ಬರೆದೆ, ಬೆಂಗಳೂರಿನ ರೈಲಿನ ಬಗ್ಗೆ ಬರೆದೆ. ಆ ಪ್ರಶ್ನೆಗೆ ಮಾತ್ರ ಉತ್ತರ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಯುದ್ಧದ ಕಾಲದಲ್ಲಿ ನಮ್ಮ ಕಾರ್ಖಾನೆಯ ಮಗ್ಗಗಳು ಒಂದೊಂದಾಗಿ ನಿಂತದ್ದು ನಿಮಗೆ ಗೊತ್ತೇ ಇದೆ. ನಾನು ಬಸ್ಸು ಹತ್ತುವಾಗ ಪಾದ್ರಿ ಅಯ್ಯನವರು ಕೈ ಹಿಡಿದು, "ಸಾಮುವೇಲ, ಏನು ಬಿಟ್ಟರೂ ಭಾನುವಾರ ಬಿಡಬೇಡ" ಎಂದರು. ಬಿಡುವುದಿಲ್ಲ ಎಂದು ನಿಮ್ಮೆಲ್ಲರ ಎದುರಿಗೇ ಮಾತು ಕೊಟ್ಟೆ.

ಇಲ್ಲಿ ಮನೆ ಸಿಗಲಿಲ್ಲ. ಎಲ್ಲರೂ ಮೊದಲು "ಯಾವ ಜನ?" ಎಂದು ಕೇಳುವರು. ಕ್ರೈಸ್ತರು ಎಂದರೆ, "ಅದು ಸರಿ ಕಣಪ್ಪ, ಅದಕ್ಕೆ ಮುಂಚೆ ಯಾವ ಜನ?" ಎನ್ನುವರು. ನಮ್ಮಲ್ಲಿ ಅಜ್ಜನ ಕಾಲಕ್ಕೇ ಆ ಮಾತು ಮುಗಿದಿತ್ತು, ನನಗೆ ನಿಜವಾಗಿಯೂ ಗೊತ್ತಿಲ್ಲ. ಗೊತ್ತಿಲ್ಲ ಎಂದವನನ್ನು ಯಾರೂ ನಂಬಲಿಲ್ಲ. ಕೊನೆಗೆ ನನಗೆ ಮಗ್ಗ ಕೊಟ್ಟ ಯಜಮಾನ ಚೌಡಪ್ಪನವರೇ ತಮ್ಮ ಹಿತ್ತಲಿನಲ್ಲಿ ಸೌದೆ ಹಾಕುತ್ತಿದ್ದ ಕೋಣೆಯನ್ನು ತೆರವು ಮಾಡಿಕೊಟ್ಟರು. ನಾಲ್ಕು ಮಗ್ಗಗಳ ಮನೆ ಅದು. ಚೌಡಪ್ಪ, ಅವರ ಮುದಿ ತಾಯಿ, ಐದು ತಿಂಗಳ ಬಸುರಿ ಹೆಂಡತಿ ಲಕ್ಷ್ಮಮ್ಮ.

ಭಾನುವಾರ ನೇಯುವುದಿಲ್ಲವೆಂದು ಚೌಡಪ್ಪನವರಿಗೆ ನಾನು ಮೊದಲೇ ಹೇಳಿದೆ. ಚೌಡಪ್ಪ ನಕ್ಕರು. "ನಿಮ್ ದೇವ್ರು ವಾರಕ್ಕೊಂದು ದಿನ ಕೇಳ್ತಾನಾ? ನಮ್ ತಾಯಿ ಚೌಡೇಶ್ವರಿ ತಿಂಗಳಿಗೊಂದು ಅಮಾಸೆ ಕೇಳ್ತಾಳೆ ಅಷ್ಟೆ. ಆಗ್ಲಿ ತಗೋ, ನಂಗೇನು." ನೇಕಾರರ ಬೀದಿಗೆ ಅಮಾವಾಸ್ಯೆಯೇ ರಜೆ. ಅಂದು ಯಾವ ಮನೆಯಲ್ಲೂ ಲಾಳಿಯ ಸದ್ದಿಲ್ಲ.

ಮೊದಲ ಭಾನುವಾರ ನಾವಿಬ್ಬರೂ ಕೋಣೆಯ ಬಾಗಿಲು ಹಾಕಿಕೊಂಡು ಗೀತೆ ಹಾಡಿದೆವು. ಸಲೋಮಿಯದು ಮೇಲಿನ ದನಿ, ನನ್ನದು ಕೆಳಗಿನದು. ಎರಡನೆಯ ಚರಣಕ್ಕೆ ಬಾಗಿಲು ದಬದಬ ಬಡಿಯಿತು. ಲಕ್ಷ್ಮಮ್ಮ ಓಡಿಬಂದಿದ್ದರು. "ಅಯ್ಯೋ, ಯಾರು ಹೋದ್ರಮ್ಮಾ? ಊರಿಂದ ಕಾಗ್ದ ಬಂತಾ?" ಎಂದರು. ನಮ್ಮ ನಿಧಾನದ ರಾಗ ಅವರಿಗೆ ಸಾವಿನ ಮನೆಯ ಅಳುವಿನಂತೆ ಕೇಳಿಸಿತ್ತು. ಅಂದಿನಿಂದ ಅವರು ಸಲೋಮಿಗೆ ಅಕ್ಕನಂತಾದರು. ಕುಚ್ಚಲಕ್ಕಿ ಗಂಜಿಯಲ್ಲಿ ಬೆಳೆದ ಅವಳಿಗೆ ಮುದ್ದೆ ಗಂಟಲಲ್ಲಿ ಇಳಿಯದೆ ಕಣ್ಣಲ್ಲಿ ನೀರು ಬಂದಾಗ, "ಅಗೀಬೇಡ ಕಣೇ, ನುಂಗ್ಬಿಡು" ಎಂದು ತಾವೇ ನುಂಗಿ ತೋರಿಸಿದರು. ಸಲೋಮಿ ಒಂದು ಇಡೀ ಮುದ್ದೆ ಮುಗಿಸಿದ ದಿನ ಇಬ್ಬರೂ ಹಬ್ಬದಂತೆ ಕುಣಿದಾಡಿದರು. ನಮಗೆ ಮಕ್ಕಳಿಲ್ಲ. ಹುಟ್ಟಲಿರುವ ಆ ಮಗುವಿಗೆ ಅವಳು ಅಂಗಿ ಹೊಲಿಯತೊಡಗಿದಳು.

ನಾನು ಮಾಡಿದ ತಪ್ಪನ್ನು ಮಿಷನ್ ಶಾಲೆಯಲ್ಲಿ ಓದಿದವನು ಮಾತ್ರ ಮಾಡಬಲ್ಲ. ಏಳನೆಯ ದಿನ ಬಿಡುವು ಎಂಬುದು ಎಷ್ಟು ಆಜ್ಞೆಯೋ, ಆರು ದಿನ ದುಡಿಯಬೇಕೆಂಬುದೂ ಅಷ್ಟೇ ಆಜ್ಞೆ ಎಂದು ನನಗೆ ಬೆತ್ತ ಹಿಡಿದು ಕಲಿಸಿದ್ದರು. ಭಾನುವಾರವನ್ನೂ ತೆಗೆದುಕೊಂಡು ಅಮಾವಾಸ್ಯೆಯನ್ನೂ ತೆಗೆದುಕೊಂಡರೆ ಯಜಮಾನನ ಹೊತ್ತನ್ನು ಕದ್ದಂತೆ ಎಂದು ನನ್ನ ಮನಸ್ಸು ಕೊರೆಯುತ್ತಿತ್ತು. ಎರಡು ಅಮಾವಾಸ್ಯೆ ಸುಮ್ಮನಿದ್ದೆ. ಮೂರನೆಯದು ಗುರುವಾರ ಬಂತು. ಚೌಡಪ್ಪ ನೂಲಿಗಾಗಿ ಬೆಂಗಳೂರಿಗೆ ಹೋಗಿದ್ದರು, ಹೆಂಗಸರು ದೇವಸ್ಥಾನಕ್ಕೆ ಹೋಗಿದ್ದರು. ನಾನು ಗುಂಡಿಗೆ ಇಳಿದೆ. ಬೀದಿಯೆಲ್ಲ ನಿಶ್ಶಬ್ದ, ನನ್ನ ಲಾಳಿಯೊಂದೇ ಓಡುತ್ತಿತ್ತು. ಯಾರೂ ಕೇಳದೆಯೇ ಋಣ ತೀರಿಸುತ್ತಿದ್ದೇನೆ ಎಂಬ ಹೆಮ್ಮೆ ಬೇರೆ. ನಿಜ ಹೇಳುತ್ತೇನೆ, ಈ ಊರಿನಲ್ಲಿ ಅಷ್ಟು ಸಂತೋಷದಿಂದ ನಾನು ಮತ್ತೆ ಎಂದೂ ನೇಯ್ದಿಲ್ಲ.

ದೇವಸ್ಥಾನದಿಂದ ಬಂದ ಅಜ್ಜಿ, ಚೌಡಪ್ಪನವರ ತಾಯಿ, ಹೊಸಿಲಲ್ಲೇ ಕುಸಿದು ಕೂತರು. ಲಕ್ಷ್ಮಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿದರು. ಅಮಾವಾಸ್ಯೆಯ ಬಿಡುವು ನೇಕಾರನಿಗಲ್ಲ, ಮಗ್ಗಕ್ಕೆ ಎಂಬುದು ನನಗೆ ಆಗ ತಿಳಿಯಿತು. ನಮ್ಮಲ್ಲಿ ಮನುಷ್ಯ ದಣಿಯುತ್ತಾನೆ. ಇವರಲ್ಲಿ ಮಗ್ಗದಲ್ಲಿ ತಾಯಿ ಇರುತ್ತಾಳೆ, ಅಂದು ಅವಳು ಮಲಗಿರುತ್ತಾಳೆ. ನಾನು ಅವಳನ್ನು ತುಳಿದು ಎಬ್ಬಿಸಿದ್ದೆ.

ಅದಾದ ಆರನೆಯ ದಿನ ಲಕ್ಷ್ಮಮ್ಮನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಮಗು ಅಳಲಿಲ್ಲ. ಒಳಗೆ ಕೈ ಹಿಡಿದು ಕೂತಿದ್ದ ಸಲೋಮಿಯನ್ನು ಅಜ್ಜಿ ರಟ್ಟೆ ಹಿಡಿದು ಹೊರಗೆ ಕಳಿಸಿದರು.

ಹೀಗಾದುದಕ್ಕೆ ನನ್ನ ಲಾಳಿ ಕಾರಣ ಎಂದು ನಾನು ನಂಬುವುದಿಲ್ಲ. ನಂಬುವುದಿಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತೇನೆ.

ಚೌಡಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿನ್ ಮೇಲೆ ನಂಗೆ ಕ್ವಾಪ ಇಲ್ಲಪ್ಪ. ಆದ್ರೆ ನಮ್ಮನೆಯವಳ ಕಣ್ಮುಂದೆ ನೀನು ಆ ಮಗ್ಗದಲ್ಲಿ ಕೂತಿರೋದು ಬ್ಯಾಡ" ಎಂದರು. ಕೋಣೆ ಬಿಡಿ ಎನ್ನಲಿಲ್ಲ, ಅದು ಅವರ ದೊಡ್ಡತನ. ಉಳಿದ ಬೀದಿಗಳಲ್ಲಿ ಕೆಲಸ ಕೇಳಿದೆ. "ಅಮಾಸೆ ದಿನ ನೇಯ್ದೋನು ನೀನೇ ಅಲ್ವಾ?" ಎಂದು ನೀರು ಕೊಟ್ಟು ಕಳಿಸಿದರು. ಬೆಂಗಳೂರಿನ ಮಿಲ್ಲುಗಳ ಬಾಗಿಲಲ್ಲಿ ನಿಂತು ಬಂದೆ. ಊರಿಗೆ ಹಿಂದಿರುಗೋಣವೆಂದರೆ ಅಲ್ಲಿ ನನಗೆ ಮಗ್ಗವೇ ಇಲ್ಲ. ಎರಡು ತಿಂಗಳು ಹೀಗೇ ಕಳೆಯಿತು. ಸಲೋಮಿಗೆ ಚಳಿಜ್ವರ ಹಿಡಿಯಿತು. ಪ್ರಾರ್ಥನೆ ಮಾಡುತ್ತಲೇ ಇದ್ದೆವು. ಏನೂ ಆಗಲಿಲ್ಲ.

ಕೊನೆಗೆ ಚೌಡಪ್ಪನವರೇ ಹಿತ್ತಲಿಗೆ ಬಂದರು. ಅವರ ಒಬ್ಬ ನೇಕಾರ ಬಿಟ್ಟುಹೋಗಿದ್ದ. "ಬಾಪ್ಪ, ಕೂತ್ಕೋ. ಆದ್ರೆ ನೂಲು ಸರ್ಕಾರದ ಕಂಟ್ರೋಲಿಗೆ ಬಂದೈತೆ, ಸಿಕ್ಕಿದ ದಿನ ನೇಯ್ಬೇಕು. ಭಾನುವಾರ ಗೀನುವಾರ ಆಗಲ್ಲ. ಅಮಾಸೆ ದಿನ ನಮ್ಮವ್ವ ಮಗ್ಗಕ್ಕೆ ಧೂಪ ಹಾಕ್ವಾಗ ನೀನೂ ಎದುರಿಗೆ ನಿಂತಿರ್ಬೇಕು. ಕೈ ಮುಗಿಯೋದು ಬಿಡೋದು ನಿಂಗೆ ಬಿಟ್ಟಿದ್ದು."

ಜ್ವರದಲ್ಲಿ ಮಲಗಿದ್ದ ಸಲೋಮಿ ಎದ್ದು ಕೂತಳು. "ಹೋಗುದು ಬೇಡ. ಎಂತ ಆದ್ರೂ ಆಗ್ಲಿ" ಎಂದಳು. ನಾನು ಅವಳ ಮುಖ ನೋಡಿದೆ. ಕೆನ್ನೆಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ನಾನು ಹೋದೆ.

ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೆ. ಭಾನುವಾರ ನಾನು ಎಲ್ಲಿಗೂ ಹೋಗುವುದಿಲ್ಲ, ಗುಂಡಿಯಲ್ಲಿರುತ್ತೇನೆ. ಸಲೋಮಿಯ ಜ್ವರ ಬಿಟ್ಟಿದೆ. ಹಿತ್ತಲಿನ ಕೋಣೆಯಲ್ಲಿ ಅವಳು ಒಬ್ಬಳೇ ಹಾಡುವುದು ನನಗೆ ಕೇಳಿಸುತ್ತದೆ. ನನ್ನ ದನಿ ಸೇರಬೇಕಾದ ಕಡೆ ಅವಳು ನಿಲ್ಲಿಸುತ್ತಾಳೆ, ಅಷ್ಟು ಹೊತ್ತು ಸುಮ್ಮನಿದ್ದು ಮುಂದಿನ ಸಾಲು ಎತ್ತಿಕೊಳ್ಳುತ್ತಾಳೆ. ಈಗ ಬಾಗಿಲು ಬಡಿಯಲು ಲಕ್ಷ್ಮಮ್ಮ ಓಡಿಬರುವುದಿಲ್ಲ. ಸಲೋಮಿ ಬಾವಿಗೆ ಹೋದರೆ ಅವರು ಕೊಡ ಅಲ್ಲೇ ಬಿಟ್ಟು ಒಳಗೆ ಹೋಗುತ್ತಾರೆ.

ಹೋದ ಅಮಾವಾಸ್ಯೆಯ ದಿನ ಅಜ್ಜಿ ಮಗ್ಗಗಳಿಗೆ ಧೂಪ ಹಾಕುತ್ತಿದ್ದರು. ನಾನು ಎದುರಿಗೆ ನಿಂತಿದ್ದೆ. ತಿಂಗಳಿಗೆ ನನಗಿರುವ ಬಿಡುವಿನ ದಿನ ಅದೊಂದೇ. ಅಷ್ಟು ದಿನಗಳಿಂದ ಒಳಗೆ ಕಟ್ಟಿಕೊಂಡಿದ್ದ ಪ್ರಾರ್ಥನೆ ಅಲ್ಲೇ, ಆ ಹೊಗೆಯಲ್ಲೇ, ತಾನಾಗಿ ಹೊರಟಿತು. ಕಣ್ಣು ಮುಚ್ಚಿದೆ, ಕೈ ಮುಗಿದೆ. ಯೇಸುಸ್ವಾಮಿಯನ್ನೇ ಕರೆದೆ, ಬೇರೆ ಯಾರನ್ನೂ ಅಲ್ಲ. ಕಣ್ಣು ತೆರೆದಾಗ ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಕೈಯನ್ನು ನನ್ನ ತಲೆಯ ಮೇಲಿಟ್ಟು, "ಈಗ ನೀನು ನಮ್ಮೋನಾದೆ ಕಣಪ್ಪಾ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಬಾಗಿಲ ಹಿಂದೆ ಲಕ್ಷ್ಮಮ್ಮ ನಿಂತಿದ್ದರು. ಅಲ್ಲಜ್ಜಿ, ನಾನು ಮುಗಿದದ್ದು ನನ್ನ ದೇವರಿಗೆ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಈ ಊರಿಗೆ ಬಂದ ಮೇಲೆ ಒಬ್ಬರು ನನ್ನನ್ನು ತಮ್ಮವನೆಂದದ್ದು ಅದೇ ಮೊದಲು.

ಕೋಣೆಗೆ ಬಂದು ಸಲೋಮಿಗೆ ಎಲ್ಲವನ್ನೂ ಹೇಳಿದೆ. ಅವಳು ಆ ಮಗುವಿಗೆಂದು ಹೊಲಿದಿದ್ದ ಅಂಗಿಯ ಹೊಲಿಗೆ ಬಿಚ್ಚಿ, ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ.

"ನೀವು ಅವರವರಾದ್ರಿ, ಒಳ್ಳೇದಾಯ್ತು" ಎಂದಳು. "ನಾನು ಯಾರವಳು, ಅದನ್ನೂ ಆ ಅಜ್ಜಿ ಹತ್ರ ಕೇಳಿ ಬನ್ನಿ."